ಹನ್ನೆರಡನೇ ಸಮೀಕರಣ

ಎಮಾಯೋಗಿ ಹೆಪ್ಪುಗಟ್ಟಿದೆ. ತಾಯಿಹೊಳೆ ಎಂದು ಆ ಹೆಸರಿನ ಅರ್ಥ.
ತಾರ್ತುವಿನ ಈ ಮೂರನೇ ಮಹಡಿಯಲ್ಲಿ ರಾತ್ರಿ ಎರಡು ಗಂಟೆ.
ಕಾಫಿ ಆರಿ ಕೆನೆ ಕಟ್ಟಿದೆ.
ಪರದೆಯ ಮೇಲೆ ಒಂದು ನೆನಪು
ಇಪ್ಪತ್ತೇಳನೇ ವರುಷಕ್ಕೆ ಕಾಲಿಟ್ಟಿದೆ.

ನೆನಪೆಂದರೆ ಇಲ್ಲಿ ಬರೀ ಒಂದು ಗೆರೆ.
ಮೇಲಿದ್ದರೆ ಉಂಟು, ಕೆಳಗೆ ಬಿದ್ದರೆ ಇಲ್ಲ.
ಗೆರೆಯ ಹಿಂದೆ ನಾನು ಬರೆದ ಹನ್ನೊಂದು ಸಮೀಕರಣ,
ಅವುಗಳ ಹಿಂದೆ ಒಂದು ಪ್ರೋಟೀನು:
ಆರು ಬಿಲ್ಲೆಗಳ ಉಂಗುರ, ಅದರ ಮೇಲೆ ಇನ್ನಾರು,
ನರ ನರಕ್ಕೆ ಕಿವಿಗೊಡುವ ಕಿಂಡಿಯಲ್ಲಿ
ಗುಂಪುಗುಂಪಾಗಿ ಕೂತದ್ದು.
ಕ್ಯಾಲ್ಸಿಯಂ ಅಲೆಯೊಂದು ಬಂದು ಬಡಿಯಿತೋ
ಬಿಲ್ಲೆಗೆ ರಂಜಕದ ಬೊಟ್ಟು ಬೀಳುತ್ತದೆ.
ಬೊಟ್ಟಿಟ್ಟುಕೊಂಡದ್ದು ಪಕ್ಕದ್ದಕ್ಕೆ ಇಡುತ್ತದೆ.
ಒರೆಸುವವರೂ ಇದ್ದಾರೆ,
ರಜೆ ಕೇಳದವರು.

ಬಿಲ್ಲೆಗಳ ಆಯಸ್ಸು ಬೆರಳೆಣಿಕೆಯ ದಿನ.
ಏಳರ ವಯಸ್ಸಲ್ಲಿ ನನ್ನ ಮೀನಖಂಡಕ್ಕೆ ಬಾಯಿ ಹಾಕಿತ್ತಲ್ಲ
ಹಿಟ್ಟಿನ ಗಿರಣಿಯ ನಾಯಿ,
ಅದನ್ನು ಅಂದು ಹೊತ್ತ ಒಂದೇ ಒಂದು ಬಿಲ್ಲೆ
ಇಂದು ನನ್ನೊಳಗಿಲ್ಲ.
ನಾಯಿ ಇದೆ.

"ಗುಂಪು ಚಿಕ್ಕದು ಮಾಡಿ ನೋಡು ತಾವೊ" ಎಂದಳು ಲೀಸ್ಬೆಟ್,
ಕೋಟು ತೊಡುತ್ತ. "ನಿಜದ ಕಿಂಡಿಯಲ್ಲಿ ಅಷ್ಟು ಜಾಗವೆಲ್ಲಿ?"
ಇಪ್ಪತ್ತಕ್ಕೆ ಇಳಿಸಿದೆ, ಗೆರೆ ನಿಂತಿತು.
ಒಂಬತ್ತಕ್ಕೆ, ತೊಡರಿ ಸಾವರಿಸಿಕೊಂಡಿತು.
ಐದಕ್ಕೆ,
ಆರನೇ ದಿನ ಮಧ್ಯಾಹ್ನ
ಯಾರೂ ಮುಟ್ಟದೆ, ಯಾರೂ ಒರೆಸಿದರೆಂದು ಹೇಳಲಾಗದೆ
ದೊಪ್ಪನೆ ಬಿತ್ತು.

ಶನಿವಾರ ಬಸ್ಸು ಹಿಡಿದು ಓಬಿನಿಟ್ಸಕ್ಕೆ ಹೋದೆ.
ಓಡೆ ಅತ್ತೆಯ ಮೇಳದಲ್ಲಿ ಹನ್ನೆರಡು ಹೆಂಗಸರಿದ್ದ ಫೋಟೋ
ಗೋಡೆಯ ಮೇಲಿದೆ.
ಬೆಂಚಿನ ಮೇಲೆ ಐದು.
ಸೊಲ್ಲೆತ್ತುತ್ತಿದ್ದವಳು ಅತ್ತೆಯೇ, ಸೆಪ್ಟೆಂಬರಿನ ತನಕ.
ಅವಳ ಎದೆಯ ಬೆಳ್ಳಿ ಬಿಲ್ಲೆ, ಊಟದ ತಟ್ಟೆಯಷ್ಟು ಅಗಲದ್ದು,
ಈಗ ಕೆರ್ತುವಿನ ಎದೆಯ ಮೇಲೆ.
ಹುಡುಗಿ ತಾಲಿನ್‌ನವಳು, ಹಲ್ಲಿನ ಡಾಕ್ಟರ ಸಹಾಯಕಿ.
ಸೆತೊ ಮಾತು ಬಾರದು. ಬೆಳ್ಳಿಯ ಭಾರಕ್ಕೆ ಬಗ್ಗಿ ಕೂತಿದ್ದಾಳೆ
ಇಬ್ಬರು ಮುದುಕಿಯರ ಭುಜಗಳ ನಡುವೆ,
ಸಾಲಿನ ಕೊನೆಯ ಅಕ್ಷರವಷ್ಟೇ ಹಿಡಿದು.

ಐದೇ ಜನ ಹಾಡುತ್ತಿರುವುದು ಹನ್ನೊಂದು ವರುಷದಿಂದ!
ನನ್ನ ಲೆಕ್ಕದಲ್ಲಿ ಆರೇ ದಿನ.
ಹೇಗೆ, ಎಂದು ಕೇಳಿದೆ.
ಹಿಲಾನ ನಕ್ಕಳು, ಕೆಲಸವಿಲ್ಲದವನು ಕೇಳುವ ಪ್ರಶ್ನೆಯೆಂಬಂತೆ:
"ಗುರುವಾರ ನಾನು ಮಿಕಿತಮ್ಯಾಕೆ ಹೋಗ್ತೀನಿ, ಅಲ್ಲೂ ದನಿ ಸಾಲದು.
ಅಲ್ಲಿನ ವೇರ ಇಲ್ಲಿಗೆ ಬರ್ತಾಳೆ.
ಮರೆತದ್ದು ಅಲ್ಲಿ ಸಿಗತ್ತೆ. ಬಸ್ಸಿಗೆ ಎರಡು ಯೂರೋ."

ಎರಡು ಯೂರೋ.
ಹಿಂದಿರುಗುವ ದಾರಿಯಲ್ಲಿ ಟಿಕೆಟ್ಟಿನ ಬೆನ್ನಿಗೆ ಬರೆದೆ:
ಒಂದು ಗುಂಪಿನ ಬಿಲ್ಲೆ ಇನ್ನೊಂದಕ್ಕೆ ಹೋಗಿಬರಬಹುದು,
ಬೊಟ್ಟಿನ ಸಮೇತ.
ಸೋಮವಾರ ಓಡಿಸಿದೆ. ಐದರ ಗೆರೆ
ಮೂವತ್ತು, ನಲವತ್ತು,
ನಾನಿಲ್ಲದ ವರುಷಗಳಿಗೂ ನಡೆದುಹೋಯಿತು.
ಲೀಸ್ಬೆಟ್ ಕೇಕು ತಂದಳು.

ಒಂದು ವಿಷಯ ಅವಳಿಗೆ ಹೇಳಿಲ್ಲ.
ಹನಿ ಎಂದರೆ ನಮ್ಮಲ್ಲಿ ಹೆಬ್ಬಾತು.
ಹೊಳೆ ದಾಟುವ ಹನಿ ಎಂದು ಹಾಡಬೇಕಿತ್ತು ಕೆರ್ತು,
ಹಂಗ್ ಎಂದಳು, ಹಿಮದ ದಿಬ್ಬ.
ಮೊದಲ ಸಲ ಮುದುಕಿಯರು ಕಣ್ಣು ಬಿಟ್ಟರು.
ಎರಡನೇ ಸಲ ಒಬ್ಬಳ ತುಟಿ ತಡವರಿಸಿತು.
ಮೂರನೇ ಸುತ್ತಿಗೆ ಐದೂ ಬಾಯಿ ಒಟ್ಟಾಗಿ
ಹಿಮದ ದಿಬ್ಬವನ್ನು
ಹೊಳೆ ದಾಟಿಸಿದವು.
ಗುರುವಾರ ಅದು ಮಿಕಿತಮ್ಯಾಕೂ ಹೋಗುತ್ತದೆ.

ನನ್ನ ಗೆರೆಗೆ ಇದು ಕಾಣುವುದಿಲ್ಲ.
ಅದು ಮೇಲೆಯೇ ಇದೆ, ನೆಟ್ಟಗೆ.
ಕಿಟಕಿಯಾಚೆ ಹೆಪ್ಪುಗಟ್ಟಿದ ಹೊಳೆಯ ಮೇಲೆ
ಯಾರೋ ನಾಯಿ ಕರೆದುಕೊಂಡು ನಡೆಯುತ್ತಿದ್ದಾರೆ.
ಗಿರಣಿಯ ನಾಯಿ ಕಪ್ಪಗಿತ್ತು.
ಕಪ್ಪಗೇ ಇತ್ತಲ್ಲವೇ?